ಗಿಟಾರ್ ಪಿಕಪ್ ಮನೇಲೇ ಸುತ್ಕೋಬಹುದಾ? ಮೋಟರ್ ವೈಂಡಿಂಗ್ ತಂತಿ ಆಗತ್ತಾ?

ಸುತ್ಕೋಬಹುದು ರೀ, ಧೈರ್ಯವಾಗಿ ಕೂತ್ಕೊಳ್ರಿ. ಪಿಕಪ್ ಅಂದ್ರೆ ಮ್ಯಾಗ್ನೆಟ್ ಸುತ್ತ ಸಣ್ಣ ತಾಮ್ರದ ತಂತಿ ಸುತ್ತಿರೋ ಸುರುಳಿ, ಗಿಟಾರ್ ತಂತಿ ಅಲ್ಲಾಡೋದನ್ನ ಕರೆಂಟ್ ಸಿಗ್ನಲ್ ಮಾಡಿ ಆಂಪಿಗೆ ಕಳಿಸತ್ತೆ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್, ಮೂರು ಪಿಕಪ್ಪಿನದು) ಥರದ ಗಿಟಾರು, ನಡುವಿನ ಪಿಕಪ್ ಸೌಂಡೇ ಬರ್ತಿಲ್ಲ, ಚಿತ್ರದುರ್ಗದಲ್ಲಿ ಮನೆ ಹತ್ರ ಮೋಟರ್ ವೈಂಡಿಂಗ್ ಅಂಗಡಿ ಐತೆ ಅಲ್ಲಿ ತಂತಿ ಸಿಗತ್ತೆ, ಹೊಲಿಗೆ ಮಷಿನ್ ಮೋಟರೂ ಐತೆ, ಮೀಟರಲ್ಲಿ ರೆಸಿಸ್ಟೆನ್ಸ್ 6 ಕಿಲೋ ಓಮ್ ಬರೋವರ್ಗೂ ಸುತ್ತಿದ್ರೆ ಆಯ್ತಾ ಅಂತ ಕೇಳಿದೀರಿ. ನಾನು ದಾವಣಗೆರೆಯವ್ನು, ನನ್ನ ಗಿಟಾರಿಗೂ ಫ್ರೆಂಡ್ಸ್ ಗಿಟಾರಿಗೂ ಪಿಕಪ್ ಸುತ್ತೀನಿ. ಮೋಟರ್ ಆಗತ್ತೆ, ಆ ತಂತಿ ಆಗಲ್ಲ, ಓಮ್ ನೋಡ್ಕೊಂಡು ನಿಲ್ಸೋದಂತೂ ಬೇಡವೇ ಬೇಡ.

ಅದಕ್ಕೂ ಮುಂಚೆ ಹಳೇದು ನಿಜವಾಗ್ಲೂ ಹೋಗಿದೆಯಾ ನೋಡ್ರಿ. ಪಿಕಪ್ಪಿನ ವೈರ್ ಬಿಚ್ಚಿ ಮಲ್ಟಿಮೀಟರನ್ನ 20ಕೆ ಓಮ್ ರೇಂಜಲ್ಲಿಟ್ಟು ಮುಟ್ಟಿಸ್ರಿ. ಏನೂ ತೋರಿಸ್ದಿದ್ರೆ ಎಲ್ಲೋ ಕಟ್ ಆಗಿದೆ, ಎಷ್ಟೋ ಸಲ ಅದು ಬೆಸುಗೆ ಹಾಕಿರೋ ಜಾಗದಲ್ಲೇ ಇರತ್ತೆ, ಅಷ್ಟೇ ಆಗಿದ್ರೆ ಸುತ್ತೋ ಕೆಲ್ಸನೇ ಇಲ್ಲ.

ತಂತಿ ವಿಷಯ. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಂತಿ ತೆಳ್ಳಗೆ. ವೈಂಡಿಂಗ್ ಅಂಗಡೀಲಿ ಸೀಲಿಂಗ್ ಫ್ಯಾನಿಗೆ ಹಾಕೋದು 36 ಗೇಜ್ ಆಸುಪಾಸು, ಸುಮಾರು 0.19 ಮಿ.ಮೀ. ಸ್ಟ್ರಾಟ್ ಪಿಕಪ್ಪಿಗೆ ಬೇಕಿರೋದು ಅಮೆರಿಕದ ಲೆಕ್ಕದಲ್ಲಿ 42 ಗೇಜ್, ಅಂದ್ರೆ 0.063 ಮಿ.ಮೀ., ನಮ್ಮಲ್ಲಿ ನಡೆಯೋ ಬ್ರಿಟಿಷರ ಎಸ್‌ಡಬ್ಲ್ಯೂಜಿ ಲೆಕ್ಕದಲ್ಲಿ 46ರ ಹತ್ರ. ಈ ಎರಡು ಲೆಕ್ಕ ಬೆರೆಸ್ಕೊಂಡು ತಪ್ಪು ತಂತಿ ತಗಂಡುಬಿಡ್ಬೇಡ್ರಿ. ಫ್ಯಾನ್ ತಂತಿ ಮೂರು ಪಟ್ಟು ದಪ್ಪ, ಅದೇ ಬಾಬಿನ್ (ತಂತಿ ಸುತ್ತೋ ಚೌಕಟ್ಟು) ಮೇಲೆ ಹತ್ತನೇ ಒಂದು ಭಾಗದಷ್ಟು ಸುತ್ತು ಹಿಡಿದ್ರೆ ಹೆಚ್ಚು, ಸೌಂಡ್ ಬರಲ್ಲ. 46 ಗೇಜನ್ನ ಬೆಂಗಳೂರಿನ ಎಸ್‌ಪಿ ರೋಡಲ್ಲಿ ವಿಚಾರಿಸ್ರಿ ಇಲ್ಲಾ ಆನ್‌ಲೈನ್ ತರಿಸ್ರಿ. ಕಾಲು ಕೆಜಿ ಸಾಕು, ಒಂದು ಪಿಕಪ್ಪಿಗೆ ಒಂದು ಕಿಲೋಮೀಟರ್ ಮೇಲೆ ತಂತಿ ಹೋದ್ರೂ ತೂಕ 30 ಗ್ರಾಂ ಅಷ್ಟೇ, ಹರಿದು ವೇಸ್ಟ್ ಆದ್ರೂ ಐದಾರು ಪಿಕಪ್ ಆಗತ್ತೆ.

ಈಗ ಸುತ್ತೋದು. ಮೋಟರ್ ಶಾಫ್ಟಿಗೆ ಮರದ ಬಿಲ್ಲೆ, ಅದಕ್ಕೆ ಡಬಲ್ ಟೇಪಲ್ಲಿ ಬಾಬಿನ್, ಬಿಲ್ಲೆ ಮೇಲೆ ಸಣ್ಣ ಮ್ಯಾಗ್ನೆಟ್, ಎದುರಿಗೆ ಸೆನ್ಸರ್ ಇರೋ ಡಿಜಿಟಲ್ ಕೌಂಟರ್. ಪೆಡಲ್ ಮೆಲ್ಲಗೆ ಒತ್ತಿ ನಿಮಿಷಕ್ಕೆ 800 ಸುತ್ತು ಬರೋ ಹಂಗೆ ಇಟ್ಕೊಂಡ್ರೆ 8000 ಸುತ್ತು ಹತ್ತೇ ನಿಮಿಷ. ತಂತಿ ಎರಡು ಬೆರಳ ಮಧ್ಯೆ ಫೆಲ್ಟ್ ಬಟ್ಟೇಲಿ ಹಾದು ಬರ್ಬೇಕು, ಇಡೀ ಕೆಲ್ಸ ಇರೋದು ಆ ಬೆರಳಲ್ಲೇ. ಬಿಗಿ ಜಾಸ್ತಿ ಆದ್ರೆ ಕಟ್ಟಾಗತ್ತೆ, ಕಟ್ಟಾಗ್ದಿದ್ರೂ ತಂತಿ ಎಳೆದು ತೆಳ್ಳಗಾಗತ್ತೆ, ಸಡಿಲ ಆದ್ರೆ ಒಳಗೇ ಅಲ್ಲಾಡಿ ಆಂಪ್ ಜೋರಿಟ್ಟಾಗ ಕೀರಲು ಶುರು. ನಮ್ಮೂರ ಹತ್ತಿ ಮಿಲ್ಲಲ್ಲಿ ದುಡಿದ ಹಿರಿಯರು ಯಾರಾದ್ರೂ ಪರಿಚಯ ಇದ್ರೆ ಒಂದ್ಸಲ ಪಕ್ಕ ಕೂರಿಸ್ಕೊಳ್ರಿ, ಎಳೆ ಹಿಡಿಯೋ ಹದ ಅವ್ರ ಕೈಗೆ ಗೊತ್ತಿರತ್ತೆ. ಕೈಯನ್ನ ಮಷಿನ್ ಥರ ಸಾಲಾಗಿ ಓಡಿಸ್ಬೇಡ್ರಿ, ಸ್ವಲ್ಪ ಅಡ್ಡಾದಿಡ್ಡಿ ಹೋದ್ರೆ ಪದರಗಳ ನಡುವಿನ ಕೆಪಾಸಿಟೆನ್ಸ್, ಅಂದ್ರೆ ಒತ್ತಾಗಿರೋ ತಂತಿಗಳು ಚಾರ್ಜ್ ಹಿಡ್ಕೊಳ್ಳೋ ಗುಣ, ಕಮ್ಮಿಯಾಗಿ ಟ್ರೆಬಲ್ (ತೀಕ್ಷ್ಣ ಸ್ವರ) ಬಿಚ್ಕೊಂಡು ಬರತ್ತೆ. ಫೆಂಡರಲ್ಲಿ 1956ರಿಂದ ಕೆಲ್ಸ ಮಾಡಿದ ಅಬಿಗೈಲ್ ಇಬಾರಾ ಅವ್ರು ಸುತ್ತಿದ ಪಿಕಪ್ಪನ್ನ ಜನ ಇವತ್ತಿಗೂ ಹುಡುಕ್ಕೊಂಡು ತಗಳ್ತಾರೆ, ಕೈಯಲ್ಲಿ ಹಿಡಿದು ಸುತ್ತೋದಕ್ಕೆ ಅಷ್ಟು ಬೆಲೆ ಐತೆ. ಸೆಕೆ ಎಷ್ಟೇ ಇರ್ಲಿ ಫ್ಯಾನ್ ಆಫ್ ಮಾಡ್ರಿ, ಗಾಳಿಗೆ ತಂತಿ ಹಾರತ್ತೆ. ನಡುವೆ ಕರೆಂಟ್ ಹೋದ್ರೆ ತಕ್ಷಣ ಪ್ಲಗ್ ಕೀಳ್ರಿ, ಕಾಲು ಪೆಡಲ್ ಮೇಲಿದ್ದು ವಾಪಸ್ ಬಂದ್ರೆ ಒಂದೇ ಜಗ್ಗಿಗೆ ಕಟ್.

ಓಮ್ ಯಾಕೆ ಬೇಡ ಅಂದ್ರೆ, ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಏರತ್ತೆ. 20 ಡಿಗ್ರೀಲಿ 6 ಕಿಲೋ ಓಮ್ ತೋರ್ಸೋ ಪಿಕಪ್ಪು ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ 38 ಡಿಗ್ರೀಲಿ 6.4 ತೋರ್ಸತ್ತೆ, ಸೌಂಡ್ ಮಾತ್ರ ಅದೇ. ಬಿಗಿ ಎಳೆದ್ರೂ ಏರತ್ತೆ, ತಂತಿ ಗೇಜ್ ಒಂಚೂರು ಬದ್ಲಾದ್ರೂ ಏರುಪೇರಾಗತ್ತೆ. ನೀವು ಮೀಟರ್ ನೋಡಿ ನಿಲ್ಸಿದ್ರೆ ಬೇಸಿಗೇಲಿ ನೂರಾರು ಸುತ್ತು ಕಮ್ಮಿ ಬೀಳತ್ತೆ. ಸೌಂಡ್ ತೀರ್ಮಾನ ಆಗೋದು ಸುತ್ತು ಮತ್ತೆ ಮ್ಯಾಗ್ನೆಟ್ಟಿಂದ, ಸುತ್ತು ಹೆಚ್ಚಾದಷ್ಟೂ ಔಟ್‌ಪುಟ್ ಏರತ್ತೆ, ಟ್ರೆಬಲ್ ಇಳಿಯತ್ತೆ. ಸ್ಟ್ರಾಟಿಗೆ 7600ರಿಂದ 8300 ಒಳಗೆ ನಿಲ್ಸಿ. ಮೀಟರ್ ಬೇಕಿರೋದು ತಂತಿ ಕಟ್ಟಾಗಿಲ್ಲ ಅಂತ ಖಾತ್ರಿ ಮಾಡ್ಕಳಕ್ಕೆ.

ಆಮೇಲೆ ಮೇಣ, ಅಂದ್ರೆ ಸುತ್ತಿದ ತಂತಿ ಒಳಗೆ ಅಲ್ಲಾಡದ ಹಂಗೆ ಪಿಕಪ್ಪನ್ನ ಕರಗಿದ ಮೇಣದಲ್ಲಿ ಅದ್ದೋದು. ಪ್ಯಾರಫಿನ್ ನಾಲ್ಕು ಭಾಗ, ಜೇನುಮೇಣ ಒಂದು ಭಾಗ, ಜೇನುಮೇಣ ಗ್ರಂಧಿಗೆ ಅಂಗಡೀಲಿ ಕೇಳ್ರಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟೇ ಕರಗಿಸ್ರಿ, ನೇರ ಉರಿ ಮೇಲೆ ಇಟ್ರೆ ಬೆಂಕಿ ಹತ್ತತ್ತೆ. 65 ಡಿಗ್ರಿ ದಾಟಿಸ್ಬೇಡ್ರಿ, ಪ್ಲಾಸ್ಟಿಕ್ ಬಾಬಿನ್ ಸೊಟ್ಟಾಗತ್ತೆ. ಗುಳ್ಳೆ ನಿಂತ್ಮೇಲೆ ತೆಗೀರಿ.

ನಿಮ್ದು ನಡುವಿನ ಪಿಕಪ್ ಅಲ್ವಾ, ಹಳೇ ತಂತಿ ಬಿಚ್ಚೋವಾಗ ಅದು ಯಾವ ದಿಕ್ಕಿಗೆ ಸುತ್ತಿತ್ತು ಬರ್ದಿಟ್ಕೊಳ್ರಿ. ಎಷ್ಟೋ ಗಿಟಾರಲ್ಲಿ ನಡುವಿನದಕ್ಕೆ ಸುತ್ತೂ ಉಲ್ಟಾ, ಮ್ಯಾಗ್ನೆಟ್ಟೂ ಉಲ್ಟಾ ಇರತ್ತೆ, ಸ್ವಿಚ್ 2 ಮತ್ತೆ 4ರಲ್ಲಿ, ಅಂದ್ರೆ ನಡುವಿನದರ ಜೊತೆ ಇನ್ನೊಂದು ಪಿಕಪ್ಪೂ ಸೇರಿ ಕೆಲ್ಸ ಮಾಡೋ ಜಾಗದಲ್ಲಿ ಇಟ್ಟಾಗ ಕರೆಂಟಿನ ಗುಂಯ್ ಅನ್ನೋದು ಸತ್ತೋಗೋದು ಅದರಿಂದಾನೇ. ಹಾಕಿದ್ಮೇಲೆ ಆ ಜಾಗದಲ್ಲಿ ಸೌಂಡ್ ತೆಳ್ಳಗೆ ಟೊಳ್ಳಾಗಿ ಬಂದ್ರೆ ಮತ್ತೆ ಸುತ್ತಕ್ಕೆ ಹೋಗ್ಬೇಡ್ರಿ, ಪಿಕಪ್ಪಿನ ಎರಡು ವೈರ್ ಅದಲುಬದಲು ಮಾಡ್ರಿ, ಸರಿಹೋಗತ್ತೆ.