ಓದುಗರ ಪ್ರಶ್ನೆ: ಕಲ್ಲು ತಾಗಿ ಬಣ್ಣ ಎದ್ದ ಕಾರಿಗೆ ಟಚ್‌ಅಪ್

ಪ್ರಶ್ನೆ: ನಮ್ಮದು ನಾಲ್ಕು ವರ್ಷ ಹಳೆಯ, ಪರ್ಲ್ ವೈಟ್ ಬಣ್ಣದ ಕಾರು. ಹೆದ್ದಾರಿಯಲ್ಲಿ ಜಲ್ಲಿ ಲಾರಿಯಿಂದ ಕಲ್ಲು ಸಿಡಿದು ಬಾನೆಟ್ ಮೇಲೆ ಅಲ್ಲಲ್ಲಿ ಬಣ್ಣ ಎದ್ದಿದೆ. ಟಚ್‌ಅಪ್ ಬಾಟಲಿ ತಂದು ಹಚ್ಚಿದೆ. ಈಗ ಆ ಜಾಗಗಳೆಲ್ಲ ಹೊಳಪಿಲ್ಲದ ಬರೀ ಬಿಳಿ ಚುಕ್ಕೆಗಳಾಗಿ ಎದ್ದು ಕಾಣುತ್ತಿವೆ. ಹಚ್ಚದೆ ಬಿಟ್ಟ ಒಂದು ಕಡೆ ಕಂದು ಬಣ್ಣ ಇಣುಕುತ್ತಿದೆ. ಏನು ಮಾಡಬೇಕು?
– ಓದುಗರು, ಉಡುಪಿ

ಉತ್ತರ: ಮೊದಲು ಆ ಕಂದು ಚುಕ್ಕೆಯನ್ನು ನೋಡಿಕೊಳ್ಳಿ, ಬಣ್ಣ ಹೊಂದಿಸುವ ಮಾತು ಆಮೇಲೆ. ಕಂದು ಕಾಣುತ್ತಿದೆ ಎಂದರೆ ಕಲ್ಲು ಎಲ್ಲ ಪದರಗಳನ್ನೂ ದಾಟಿ ಉಕ್ಕಿನ ತಗಡನ್ನು ಮುಟ್ಟಿದೆ, ತುಕ್ಕು ಶುರುವಾಗಿದೆ ಎಂದರ್ಥ. ಕರಾವಳಿಯ ಗಾಳಿಯಲ್ಲಿರುವ ಉಪ್ಪು ಮತ್ತು ಮಳೆಗಾಲದುದ್ದಕ್ಕೂ ಆರದ ತೇವ ಎರಡೂ ಸೇರಿದಾಗ ಈ ತುಕ್ಕು ಚುಕ್ಕೆಯೊಳಗೇ ನಿಲ್ಲುವುದಿಲ್ಲ. ಸುತ್ತಲಿನ ಗಟ್ಟಿ ಬಣ್ಣದ ಅಡಿಗೆ ನುಸುಳಿ ಅದನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ. ಆ ಹಂತ ತಲುಪಿದ ಮೇಲೆ ಟಚ್‌ಅಪ್‌ನಿಂದ ಪ್ರಯೋಜನವಿಲ್ಲ, ಇಡೀ ಬಾನೆಟ್‌ಗೇ ಬಣ್ಣ ಹೊಡೆಸಬೇಕಾಗುತ್ತದೆ.

ಇನ್ನು ನಿಮ್ಮ ಬಿಳಿ ಚುಕ್ಕೆಗಳ ವಿಚಾರ. ಕಾರ್ಖಾನೆಯಲ್ಲಿ ತಗಡಿನ ಮೇಲೆ ಮೊದಲು ವಿದ್ಯುತ್ತಿನ ನೆರವಿನಿಂದ ತುಕ್ಕುನಿರೋಧಕ ಪದರವನ್ನು ಕೂರಿಸಿ, ಅದರ ಮೇಲೆ ಪ್ರೈಮರ್ (ಬಣ್ಣ ಹಿಡಿದು ನಿಲ್ಲಲು ಬೇಕಾದ ತಳಪದರ), ಬಣ್ಣ, ಕೊನೆಗೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹಾಕುತ್ತಾರೆ. ಇಷ್ಟೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಪರ್ಲ್ ವೈಟ್‌ನಲ್ಲಿ ಈ ‘ಬಣ್ಣ’ ಎಂಬುದು ಬಹುಮಟ್ಟಿಗೆ ಒಂದಲ್ಲ, ಎರಡು ಪದರ: ಕೆಳಗೆ ಅಚ್ಚ ಬಿಳಿಯ ಬೇಸ್, ಅದರ ಮೇಲೆ ಬೆಳಕು ಹಾಯುವಂಥ ತೆಳುವಾದ ಪರ್ಲ್ ಪದರ. ಈ ಎರಡನೆಯದರಲ್ಲಿ ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ, ಅಂದರೆ ಕಾಗೆಬಂಗಾರದ, ಅತಿ ಸಣ್ಣ ಹಳಕುಗಳಿರುತ್ತವೆ. ಬೆಳಕಿನ ಒಂದು ಪಾಲು ಆ ಲೇಪದ ಮೇಲ್ಮೈಯಿಂದಲೂ ಇನ್ನೊಂದು ಪಾಲು ಅದರ ತಳದಿಂದಲೂ ಮರಳುವುದರಿಂದ, ನೋಡುವ ಕೋನ ಬದಲಾದಂತೆ ಬಿಳಿಯ ಛಾಯೆಯೂ ಬದಲಾಗುತ್ತದೆ. ನೀವು ತಂದ ಬಾಟಲಿಯಲ್ಲಿ ಬೇಸ್ ಮಾತ್ರ ಇದ್ದಿರುವ ಸಾಧ್ಯತೆಯೇ ಹೆಚ್ಚು. ಇಂಥ ಬಣ್ಣಕ್ಕೆ ಬೇಸ್ ಮತ್ತು ಪರ್ಲ್ ಎಂಬ ಎರಡು ಬಾಟಲಿಗಳ ಜೋಡಿ ಬೇಕು, ಕ್ಲಿಯರ್ ಬೇರೆ. ಅಂಗಡಿಯಲ್ಲಿ ಇದನ್ನು ಸ್ಪಷ್ಟವಾಗಿ ಕೇಳಿಯೇ ಕೊಳ್ಳಿ.

ಈಗ ಹಚ್ಚಿರುವುದನ್ನು ತೆಗೆಯಬಹುದು. ಇಯರ್ ಬಡ್‌ಗೆ ತುಸು ಥಿನ್ನರ್ ಸೋಕಿಸಿ, ಹಿಂಡಿ, ಚುಕ್ಕೆಯ ಮೇಲಷ್ಟೇ ಒರೆಸಿದರೆ ಟಚ್‌ಅಪ್ ಬಣ್ಣ ಕರಗಿ ಬರುತ್ತದೆ. ಒಲೆಯಲ್ಲಿ ಕಾಯಿಸಿ ಗಟ್ಟಿಯಾದ ಕಾರ್ಖಾನೆಯ ಬಣ್ಣಕ್ಕೆ ಅಷ್ಟರಿಂದ ತೊಂದರೆಯಿಲ್ಲ. ಆದರೆ ಬಾನೆಟ್‌ಗೆ ಹಿಂದೆಂದಾದರೂ ಹೊರಗಿನ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದರೆ ಆ ಬಣ್ಣವೇ ಕರಗೀತು. ಆದ್ದರಿಂದ ಕಣ್ಣಿಗೆ ಬೀಳದ ಅಂಚಿನಲ್ಲಿ ಮೊದಲು ಪರೀಕ್ಷಿಸಿ.

ತುಕ್ಕು ಹಿಡಿದ ಕುಳಿಯನ್ನು ಸೂಜಿಯ ಮೊನೆಯಿಂದಲೋ, ಬೆಂಕಿಕಡ್ಡಿಯ ತುದಿಗೆ ಅಂಟಿಸಿದ ಸಣ್ಣ ಚೂರು ವಾಟರ್ ಪೇಪರ್‌ನಿಂದಲೋ (ನೀರು ಹಾಕಿ ಉಜ್ಜಬಹುದಾದ ಮರಳು ಕಾಗದ) ಹೊಳೆಯುವ ಲೋಹ ಕಾಣುವವರೆಗೆ ಕೆರೆಯಿರಿ. ಕೆರೆದರೂ ಹೋಗದ ಕಲೆ ತಳದಲ್ಲಿ ಉಳಿದರೆ ಮಾತ್ರ ರಸ್ಟ್ ಕನ್ವರ್ಟರ್, ಅಂದರೆ ತುಕ್ಕನ್ನು ಹರಡದ ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರವ, ಬಳಸಿ. ಅನಂತರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಲೋಹ ಕಂಡಲ್ಲಿ ಪ್ರೈಮರ್ ಇಟ್ಟು ಒಣಗಲು ಬಿಡಿ. ಕುಳಿಯಲ್ಲಿ ಲೋಹ ಕಾಣದೆ ಗಟ್ಟಿಯಾದ ಬೂದು ಅಥವಾ ಬಿಳಿ ಪದರವೇ ಕಂಡರೆ ಪ್ರೈಮರ್ ಉಳಿದಿದೆ ಎಂದರ್ಥ, ಮತ್ತೆ ಹಾಕುವ ಅಗತ್ಯವಿಲ್ಲ. ಬಾಟಲಿಯ ಮುಚ್ಚಳಕ್ಕಿರುವ ಕುಂಚ ಈ ಕೆಲಸಕ್ಕೆ ತೀರ ದಪ್ಪ. ಚಿತ್ರಕಲೆಯ ಸಾಮಗ್ರಿ ಮಾರುವಲ್ಲಿ ಸಿಗುವ ಅತಿ ಸಣ್ಣ ಕುಂಚವನ್ನೋ ಹಲ್ಲುಕಡ್ಡಿಯನ್ನೋ ಬಳಸಿ ಬೇಸ್ ಅನ್ನು ಕುಳಿಯ ತಳಕ್ಕೆ ಮುಟ್ಟಿಸಿ, ಅದು ಒಣಗಿದ ಮೇಲೆ ಪರ್ಲ್ ಅನ್ನು ಎರಡು ತೆಳು ಪದರವಾಗಿ, ಕೊನೆಗೆ ಕ್ಲಿಯರ್ ಅನ್ನು ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಬರುವ ಹಾಗೆ ಇಡಿ. ಪ್ರತಿ ಪದರದ ನಡುವೆ ಅರ್ಧ ಗಂಟೆಯಾದರೂ ಬಿಡುವಿರಲಿ. ಬಣ್ಣ ಕುಳಿಯ ಗಡಿ ದಾಟಬಾರದು ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ನಾನು ಒತ್ತಿ ಹೇಳುತ್ತೇನೆ. ಛಾಯೆ ಸ್ವಲ್ಪ ಬೇರೆಯಾದರೂ ಸಾಸಿವೆ ಗಾತ್ರದ ಗುರುತನ್ನು ಒಂದು ಮಾರು ದೂರದಿಂದ ಯಾರೂ ಗುರುತಿಸರು. ಛಾಯೆ ಸರಿಯಾಗಿದ್ದೂ ಅದು ಕಡಲೆಕಾಳಿನಗಲ ಹರಡಿದರೆ ರಸ್ತೆಯ ಆಚೆ ಬದಿಗೂ ಕಾಣುತ್ತದೆ.

ಒಂದು ವಾರ ಬಿಟ್ಟು 2000, ಆಮೇಲೆ 3000 ನಂಬರಿನ ವಾಟರ್ ಪೇಪರ್‌ನಿಂದ ಸೋಪಿನ ನೀರು ಹಾಕಿ ಉಬ್ಬನ್ನಷ್ಟೇ ಸಮ ಮಾಡಿ, ಪಾಲಿಷ್ ಕೊಡಬಹುದು. ಬಾನೆಟ್‌ನ ಅಂಚು ಮತ್ತು ಏಣುಗಳ ಮೇಲೆ ಕ್ಲಿಯರ್ ತೆಳುವಾಗಿರುತ್ತದೆ, ಅಲ್ಲಿ ಉಜ್ಜುವ ಗೋಜಿಗೇ ಹೋಗಬೇಡಿ. ಇನ್ನು ಕಾಲದ ಮಾತು: ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಬಣ್ಣದ ಮೇಲೆ ಕೂತು ಮಂಜಿನಂಥ ಬಿಳುಪು ಮೂಡುತ್ತದೆ. ನಿಮ್ಮ ಊರಿನಲ್ಲಿ ಪೂರ್ಣ ಕೆಲಸವನ್ನು ಮಳೆ ನಿಂತ ಮೇಲೆ, ಇಬ್ಬನಿ ಆರಿದ ಬೆಳಗ್ಗೆ, ನೆರಳಿನಲ್ಲಿ ಮಾಡುವುದು ಒಳ್ಳೆಯದು. ತುಕ್ಕು ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ. ಅದನ್ನು ಇಂದೇ ಕೆರೆದು, ಚೆನ್ನಾಗಿ ಒಣಗಿಸಿ, ಪ್ರೈಮರ್ ಹಾಕಿ ಮುಚ್ಚಿಡಿ.

ಪ್ರಶ್ನೆ: ಕಾರಿನ ಬಾಗಿಲ ಬಳಿಯ ಕೋಡ್ ನೋಡಿಯೇ ಸಿಲ್ವರ್ ಬಣ್ಣದ ಟಚ್‌ಅಪ್ ತರಿಸಿದೆ. ಹಚ್ಚಿದ ಜಾಗ ಸುತ್ತಲಿಗಿಂತ ಕಪ್ಪಾಗಿ ಕಾಣುತ್ತದೆ. ತಪ್ಪು ಬಣ್ಣ ಕೊಟ್ಟಿದ್ದಾರೆಯೆ? ಅದರ ಬದಲು ಸ್ಪ್ರೇ ಕ್ಯಾನ್ ಕೊಳ್ಳಲೆ?
– ಓದುಗರು, ದಾವಣಗೆರೆ

ಉತ್ತರ: ಬಣ್ಣ ಸರಿಯಾಗಿಯೇ ಇರಬಹುದು. ಸಿಲ್ವರ್ ಮತ್ತು ತಿಳಿ ಬೂದಿನಂಥ ಮೆಟಾಲಿಕ್ ಬಣ್ಣಗಳ ಹೊಳಪೆಲ್ಲ ಅದರಲ್ಲಿರುವ ಅಲ್ಯೂಮಿನಿಯಂ ಹಳಕುಗಳದ್ದು. ಗನ್‌ನಿಂದ ಸಿಂಪಡಿಸಿದಾಗ ಪದರ ಒಣಗಿ ತೆಳುವಾಗುತ್ತಾ ಈ ಹಳಕುಗಳು ತಗಡಿಗೆ ಸಮಾನಾಂತರವಾಗಿ ಮಲಗುತ್ತವೆ, ಬೆಳಕನ್ನು ನೇರವಾಗಿ ನಮ್ಮ ಕಣ್ಣಿಗೆ ಮರಳಿಸುತ್ತವೆ. ಕುಂಚದಿಂದ ದಪ್ಪಗೆ ಇಟ್ಟಾಗ ಅವು ದಿಕ್ಕುದಿಕ್ಕಿಗೆ ನಿಲ್ಲುತ್ತವೆ. ಎದುರಿನಿಂದ ನೋಡಿದರೆ ಕಪ್ಪು, ಓರೆಯಿಂದ ನೋಡಿದರೆ ಬಿಳುಪು. ಇದನ್ನು ಪೂರ್ತಿ ನಿವಾರಿಸಲು ಕುಂಚದಿಂದ ಸಾಧ್ಯವಿಲ್ಲ, ತಗ್ಗಿಸಲು ಸಾಧ್ಯವಿದೆ. ಹಳಕುಗಳು ಬಾಟಲಿಯ ತಳದಲ್ಲಿ ಕೂತಿರುವುದರಿಂದ ಕೆಲವು ನಿಮಿಷ ಬಿಡದೆ ಕುಲುಕಿ, ಬಣ್ಣಕ್ಕೆ ಅದಕ್ಕೆ ಸೂಚಿಸಿದ ಥಿನ್ನರ್ ಸೇರಿಸಿ ನೀರಾಗಿಸಿ, ಕುಂಚವನ್ನು ಎಳೆಯದೆ ಹನಿಯನ್ನು ಮುಟ್ಟಿಸಿ ಬಿಡಿ. ಅದು ತಾನಾಗಿ ಹರಡಿ ಒಣಗಲಿ, ಆಮೇಲೆ ಇನ್ನೊಂದು ತೆಳು ಹನಿ.

ಆದರೂ ತೃಪ್ತಿಯಾಗದಿದ್ದರೆ ಕೋಡ್‌ನಾಚೆಗೂ ನೋಡಬೇಕಾಗುತ್ತದೆ. ಆರ್‌ಸಿಯಲ್ಲಿರುವ ಬಣ್ಣದ ಹೆಸರು ಏನೇನೂ ಸಾಲದು. ಎಂಜಿನ್ ಕೋಣೆಯ ಫಲಕದಲ್ಲಿ ಅಥವಾ ಚಾಲಕನ ಬಾಗಿಲ ಕಂಬದಲ್ಲಿರುವ ಕೋಡೇ ಬೇಕು. ಆ ಕೋಡ್ ಕೂಡ ಬಣ್ಣದ ಕುಟುಂಬವನ್ನು ಹೇಳುತ್ತದೆಯೇ ಹೊರತು ನಿಮ್ಮ ಕಾರಿನ ಇಂದಿನ ಛಾಯೆಯನ್ನಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ, ಒಂದು ಸಲ ತಯಾರಿಸಿದ ಬಣ್ಣಕ್ಕೂ ಇನ್ನೊಂದು ಸಲದ್ದಕ್ಕೂ ಸ್ವಲ್ಪ ವ್ಯತ್ಯಾಸವಿರುತ್ತದೆ, ಆದ್ದರಿಂದಲೇ ರಿಪೇರಿ ಬಣ್ಣ ತಯಾರಿಸುವ ಕಂಪನಿಗಳು ಒಂದೇ ಕೋಡ್‌ಗೆ ಹಲವು ಮಿಶ್ರಣಗಳನ್ನು ಇಟ್ಟುಕೊಂಡಿರುತ್ತವೆ. ಮೇಲಾಗಿ ದಾವಣಗೆರೆಯ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಬಣ್ಣ ಹೊಸದರ ಹಾಗೆ ಉಳಿದಿರುವುದಿಲ್ಲ. ನನಗೆ ತುಂಬ ಉಪಯುಕ್ತವೆನಿಸುವ ಉಪಾಯವೆಂದರೆ ಇಂಧನ ಟ್ಯಾಂಕಿನ ಹೊರಮುಚ್ಚಳವನ್ನು ಬಿಚ್ಚಿ, ಪಾಲಿಷ್ ಮಾಡಿ, ಕಂಪ್ಯೂಟರ್ ಮಿಕ್ಸಿಂಗ್ ಇರುವ ಬಣ್ಣದಂಗಡಿಗೆ ಒಯ್ಯುವುದು. ಅಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಅದು ಹಲವು ಕೋನಗಳಿಂದ ಬಣ್ಣವನ್ನು ಅಳೆದು ಅತಿ ಹತ್ತಿರದ ಮಿಶ್ರಣವನ್ನು ಸೂಚಿಸುತ್ತದೆ. ತಂದ ಬಣ್ಣವನ್ನು ಮೊದಲು ತಗಡಿನ ಚೂರೊಂದಕ್ಕೆ ಹಚ್ಚಿ, ಕ್ಲಿಯರ್ ಕೂಡ ಹಾಕಿ, ಒಣಗಿದ ಮೇಲೆ ಕಾರಿಗೆ ಹಿಡಿದು ನೋಡಿ, ಏಕೆಂದರೆ ಕ್ಲಿಯರ್ ಬಿದ್ದ ಮೇಲೆ ಛಾಯೆ ಬದಲಾಗುತ್ತದೆ. ನೋಡುವುದು ಹಗಲಿನ ಬೆಳಕಿನಲ್ಲಿರಲಿ. ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡ ಎರಡು ಬಣ್ಣಗಳು ಬಿಸಿಲಿಗೆ ಬಂದಾಗ ಬೇರೆಯಾಗಿ ಕಾಣುವುದುಂಟು.

ಸ್ಪ್ರೇ ಕ್ಯಾನ್ ಬೇಡ. ಸಾಸಿವೆ ಗಾತ್ರದ ಗಾಯಕ್ಕೆ ಅಂಗೈಯಗಲ ಬಣ್ಣ ಬೀಳುತ್ತದೆ, ಅದರ ಅಂಚನ್ನು ಮರೆಸಲು ಮತ್ತಷ್ಟು ಅಗಲ ಬೇಕಾಗುತ್ತದೆ. ಗಟ್ಟಿಕಾರಕ ಬೆರೆಸಿ ಬರುವ 2ಕೆ ಕ್ಲಿಯರ್ ಕ್ಯಾನ್‌ಗಳಂತೂ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಹಾನಿ ಮಾಡುವ ರಾಸಾಯನಿಕವನ್ನು ಗಾಳಿಗೆ ಬಿಡುತ್ತವೆ. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯುವುದಿಲ್ಲ. ದಯವಿಟ್ಟು ಮನೆಯ ಅಂಗಳದಲ್ಲಿ, ಮಕ್ಕಳಿರುವ ಕಡೆ, ಅದನ್ನು ಬಳಸಬೇಡಿ.

ಪ್ರಶ್ನೆ: ನನ್ನ ಕಾರಿಗೆ ಕಂಪನಿಯಿಂದಲೇ ಬಂದ ಮ್ಯಾಟ್ ಬಣ್ಣವಿದೆ. ಬಾಗಿಲ ಮೇಲೆ ಅಕ್ಕಿಕಾಳಿನಷ್ಟು ಬಣ್ಣ ಹೋದದ್ದಕ್ಕೆ ಇಡೀ ಬಾಗಿಲಿಗೆ ಬಣ್ಣ ಹೊಡೆಯಬೇಕೆಂದು ಸರ್ವಿಸ್ ಸೆಂಟರ್‌ನವರು ಹೇಳುತ್ತಿದ್ದಾರೆ. ಇದು ಬಿಲ್ ಹೆಚ್ಚಿಸುವ ದಾರಿಯೆ?
– ಓದುಗರು, ಬೆಂಗಳೂರು

ಉತ್ತರ: ಇಲ್ಲ, ಅವರು ಹೇಳಿದ್ದು ನಿಜ. ಮ್ಯಾಟ್ ಕಾರಿಗೂ ಕ್ಲಿಯರ್ ಕೋಟ್ ಇರುತ್ತದೆ. ಆದರೆ ಅದರಲ್ಲಿ ಸಿಲಿಕಾದಂಥ ಪುಡಿ ಬೆರೆತಿರುವುದರಿಂದ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿದ್ದು ಬೆಳಕನ್ನು ಚದುರಿಸುತ್ತದೆ. ಉಜ್ಜಿದರೆ, ಪಾಲಿಷ್ ಹಾಕಿದರೆ ಆ ಒರಟುತನ ಸವೆದು ಅಷ್ಟು ಜಾಗ ಹೊಳೆಯತೊಡಗುತ್ತದೆ, ಅದನ್ನು ಮತ್ತೆ ಮಂಕಾಗಿಸುವ ದಾರಿಯಿಲ್ಲ. ಆದ್ದರಿಂದ ಮ್ಯಾಟ್‌ನಲ್ಲಿ ಒಂದು ಜಾಗವನ್ನಷ್ಟೇ ಸರಿಪಡಿಸಿ ಅಂಚು ಮರೆಸುವ ಕೆಲಸ ನಡೆಯುವುದಿಲ್ಲ. ಆದರೂ ಅಕ್ಕಿಕಾಳಿನಷ್ಟು ಗಾಯಕ್ಕೆ ಈಗಲೇ ಅಷ್ಟು ಖರ್ಚು ಮಾಡಲೇಬೇಕೆಂದಿಲ್ಲ. ಲೋಹ ಕಂಡಿದ್ದರೆ ಪ್ರೈಮರ್, ಅದರ ಮೇಲೆ ಬೇಸ್ ಬಣ್ಣ ಇಟ್ಟು, ಹೊಳಪಿನ ಕ್ಲಿಯರ್ ಹಾಕದೆ ಬಿಡಿ. ಬೇಸ್ ಬಣ್ಣ ತಾನಾಗಿ ಮಂಕಾಗಿಯೇ ಒಣಗುವುದರಿಂದ ಮ್ಯಾಟ್‌ನ ನಡುವೆ ಅದು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಕ್ಲಿಯರ್‌ನ ರಕ್ಷಣೆ ಇಲ್ಲದ್ದರಿಂದ ಅದು ಬೇಗ ಸವೆಯುತ್ತದೆ, ಆಗಾಗ ನೋಡಿ ಮತ್ತೆ ಹಚ್ಚಬೇಕು. ಬಾಗಿಲಿಗೆ ಇನ್ನೂ ನಾಲ್ಕು ಗಾಯಗಳಾದಾಗ ಪೂರ್ತಿ ಬಣ್ಣದ ಯೋಚನೆ ಮಾಡಿದರಾಯಿತು.

ಪ್ರಶ್ನೆ: ಬಾನೆಟ್‌ಗೆ ಬಣ್ಣ ಹೊಡೆಸುವುದನ್ನು ವಿಮೆಯಲ್ಲಿ ಪಡೆಯಬಹುದೆ?
– ಓದುಗರು, ಶಿವಮೊಗ್ಗ

ಉತ್ತರ: ಸಮಗ್ರ ವಿಮೆ ಇದ್ದರೆ ಅರ್ಜಿ ಹಾಕಬಹುದು, ಆದರೆ ಮೊದಲು ಲೆಕ್ಕ ಹಾಕಿ. 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡ ಎಂಜಿನ್ನಿಗೆ 2,000 ರೂಪಾಯಿ ಕಡ್ಡಾಯವಾಗಿ ನೀವೇ ಭರಿಸಬೇಕು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಸ್ವಂತ ಹಾನಿ ವಿಮೆಯ ಕಂತಿನಲ್ಲಿ 20%ರಿಂದ ಆರಂಭವಾಗಿ ಐದು ವರ್ಷಕ್ಕೆ 50% ಮುಟ್ಟುವ ನೋ ಕ್ಲೇಮ್ ಬೋನಸ್, ಅದನ್ನು ಕಾಯುವ ಹೆಚ್ಚುವರಿ ರಕ್ಷಣೆ ಕೊಂಡಿರದಿದ್ದರೆ, ಒಂದೇ ಕ್ಲೇಮ್‌ನಿಂದ ಸೊನ್ನೆಗೆ ಇಳಿಯುತ್ತದೆ. ಒಂದೇ ಭಾಗದ ಬಣ್ಣಕ್ಕೆ, 50% ತಲುಪಿದವರು, ಕೈಯಿಂದ ಕೊಡುವುದೇ ಬಹಳ ಸಲ ಅಗ್ಗ.

ಪ್ರಶ್ನೆ: ನನ್ನದು ಮಜ್ದಾ ಕಾರು, ಸೋಲ್ ರೆಡ್ ಕ್ರಿಸ್ಟಲ್ ಬಣ್ಣ. ಬಂಪರ್ ಮತ್ತು ಬಾನೆಟ್ ಎರಡರಲ್ಲೂ ಚುಕ್ಕೆಗಳಾಗಿವೆ. ಈ ಬಣ್ಣವನ್ನು ಯಾರಿಂದಲೂ ಹೊಂದಿಸಲಾಗದು ಎನ್ನುತ್ತಾರೆ.
– ಓದುಗರು, ಮಸ್ಕತ್

ಉತ್ತರ: ಕಷ್ಟ, ಆದರೆ ಅಸಾಧ್ಯವಲ್ಲ. ಮೊದಲು ಕೋಡ್ ಖಚಿತಪಡಿಸಿಕೊಳ್ಳಿ: 2012ರಲ್ಲಿ ಬಂದ ಸೋಲ್ ರೆಡ್‌ನ ಕೋಡ್ 41ವಿ, ಅದರ ಮುಂದಿನ ರೂಪವಾದ ಸೋಲ್ ರೆಡ್ ಕ್ರಿಸ್ಟಲ್‌ನದು 46ವಿ. ಒಂದರ ಬದಲು ಇನ್ನೊಂದು ನಡೆಯದು. ನಿಮ್ಮ ಕಾರಿನಲ್ಲಿ ಕೆಳಗೆ ಅಲ್ಯೂಮಿನಿಯಂ ಹಳಕುಗಳ ಜೊತೆಗೆ ಬೆಳಕನ್ನು ಹೀರುವ ಹಳಕುಗಳೂ ಇರುವ ಪ್ರತಿಫಲನ ಪದರ, ಅದರ ಮೇಲೆ ಪಾರದರ್ಶಕ ಕೆಂಪು, ಆಮೇಲೆ ಕ್ಲಿಯರ್ ಇವೆ. ಬೆಳಕು ಆ ಕೆಂಪನ್ನು ಹಾಯ್ದು ಹೋಗಿ, ತಳದಿಂದ ಮರಳಿ, ಮತ್ತೊಮ್ಮೆ ಅದನ್ನೇ ಹಾಯ್ದು ಹೊರಬರುವುದರಿಂದ ಕೆಂಪು ಪದರ ತುಸು ದಪ್ಪವಾದರೂ ಚುಕ್ಕೆ ಮರೂನ್ ಬಣ್ಣಕ್ಕೆ ತಿರುಗುತ್ತದೆ. ಎರಡು ಬಣ್ಣಗಳ ಜೋಡಿ ತಂದು, ಕೆಂಪನ್ನು ಒಂದು ತೆಳು ಹನಿಯಷ್ಟು ಇಟ್ಟು, ಒಣಗಿದ ಮೇಲೆ ನೋಡಿ, ಸಾಲದೆನಿಸಿದರೆ ಮಾತ್ರ ಇನ್ನೊಂದು ಹನಿ ಹಾಕಿ. ಮಸ್ಕತ್‌ನ ಬಿಸಿಯಲ್ಲಿ ಕಾದ ಬಾನೆಟ್ ಮೇಲೆ ಬಣ್ಣ ಹಚ್ಚಿದರೆ ಮೇಲ್ಪದರ ಬೇಗ ಬಿಗಿದು ಒಳಗೆ ಗುಳ್ಳೆ ಉಳಿಯುತ್ತದೆ, ಆದ್ದರಿಂದ ತಗಡು ಕೈಗೆ ತಣ್ಣಗಿರುವ ಹೊತ್ತನ್ನು ಆರಿಸಿ. ಬಂಪರ್ ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯುವುದಿಲ್ಲ. ಬಾನೆಟ್ ಮುಗಿಸಿ ಆಮೇಲೆ ಅದನ್ನು ನೋಡಬಹುದು.

ಚುಕ್ಕೆಗಳು ತುಂಬ ಇದ್ದು ಬಾನೆಟ್‌ಗೆ ಪೂರ್ತಿ ಬಣ್ಣ ಹೊಡೆಸುವುದಾದರೆ, ಗ್ಯಾರೇಜಿನವರು ಪಕ್ಕದ ಫೆಂಡರ್‌ಗಳಿಗೂ ಬಣ್ಣವನ್ನು ತೆಳುವಾಗಿ ಹರಡಿಸಿ ಕ್ಲಿಯರ್ ಹಾಕಬೇಕೆಂದು ಹೇಳಿದರೆ ಒಪ್ಪಿಕೊಳ್ಳಿ. ಇಂಥ ಬಣ್ಣದಲ್ಲಿ ಕಣ್ಣಿಗೆ ವ್ಯತ್ಯಾಸ ಕಾಣದಂತೆ ಮಾಡುವ ದಾರಿ ಅದೇ. ಅದಕ್ಕೂ ಮೊದಲು, ಒಂದು ತಗಡಿನ ಮೇಲೆ ಪ್ರತಿಫಲನ ಪದರ ಹಾಕಿ, ಕೆಂಪನ್ನು ಪಟ್ಟಿಪಟ್ಟಿಯಾಗಿ ಒಂದು, ಎರಡು, ಮೂರು, ನಾಲ್ಕು ಕೋಟ್ ಹೊಡೆದು, ಕ್ಲಿಯರ್ ಹಾಕಿದ ಮಾದರಿ ಮಾಡಿಕೊಡುವಂತೆ ಕೇಳಿ. ಅದನ್ನು ಬಿಸಿಲಿನಲ್ಲಿ ಫೆಂಡರ್‌ಗೆ ಹಿಡಿದು, ಎದುರಿನಿಂದಲೂ ಓರೆಯಿಂದಲೂ ನೋಡಿ, ಯಾವ ಪಟ್ಟಿ ಹೊಂದುತ್ತದೆ ಎಂದು ನೀವೇ ನಿಂತು ತೀರ್ಮಾನಿಸಿ. ಈ ಮಾದರಿ ಮಾಡಲು ಒಪ್ಪದ ಗ್ಯಾರೇಜಿಗೆ ಆ ಕಾರನ್ನು ಒಪ್ಪಿಸಬೇಡಿ.