ಜೆಟ್ ದೋಣಿಯನ್ನು ಉಪ್ಪುನೀರಿನಲ್ಲಿ ಓಡಿಸಬಹುದೇ?

ಧಾರಾಳವಾಗಿ ಓಡಿಸಬಹುದು, ತೊಂದರೆ ಶುರುವಾಗುವುದು ದಡಕ್ಕೆ ಬಂದ ಮೇಲೆ. ನೀರನ್ನು ಹೀರಿ ಹಿಂದಕ್ಕೆ ಚಿಮ್ಮಿಸಿ ದೋಣಿಯನ್ನು ಮುಂದೂಡುವ ಜೆಟ್ ಪಂಪಿನ ಹೊರಕವಚ ಸಾಮಾನ್ಯವಾಗಿ ಅಲ್ಯೂಮಿನಿಯಂ, ಒಳಗೆ ತಿರುಗುವ ರೆಕ್ಕೆಚಕ್ರ, ಅಂದರೆ ಇಂಪೆಲ್ಲರ್, ಸ್ಟೇನ್‌ಲೆಸ್ ಸ್ಟೀಲ್. ಈ ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯೇ ಸರಿ, ಸವೆಯುವುದು ಅಲ್ಯೂಮಿನಿಯಂ. ಅದರ ಬದಲು ತಾನು ಕರಗಲೆಂದೇ ಸತುವಿನ ತುಂಡೊಂದನ್ನು, ಅಂದರೆ ಆನೋಡ್, ಕೂರಿಸಿರುತ್ತಾರೆ. ಅರ್ಧ ಸವೆದಾಗಲೇ ಅದನ್ನು ಬದಲಿಸಿ. ಸಿಹಿನೀರಿಗೆಂದು ಹಾಕಿದ ಮೆಗ್ನೀಸಿಯಂ ಆನೋಡ್ ಸಮುದ್ರದಲ್ಲಿ ಬಹುಬೇಗ ಕರಗಿಹೋಗುತ್ತದೆ.

ಪ್ರತಿ ಸವಾರಿಯ ನಂತರ ಎಂಜಿನ್ನಿನೊಳಗೆ ಸಿಹಿನೀರು ಹಾಯಿಸಿ. ಸಮುದ್ರದ ನೀರಿನಿಂದಲೇ ತಂಪಾಗುವ ಬಹುತೇಕ ಮಾದರಿಗಳಲ್ಲಿ ಮೊದಲು ಎಂಜಿನ್ ಶುರು ಮಾಡಿ, ಆಮೇಲೆ ನೀರಿನ ನಲ್ಲಿ ತೆರೆಯಿರಿ. ನಿಲ್ಲಿಸುವಾಗ ಮೊದಲು ನಲ್ಲಿ ಮುಚ್ಚಿ, ಆಮೇಲೆ ಎಂಜಿನ್ ಆರಿಸಿ. ಹಿಂದುಮುಂದಾದರೆ ನೀರು ಸಿಲಿಂಡರಿಗೇ ನುಗ್ಗೀತು.

ತಿಂಗಳುಗಟ್ಟಲೆ ನೀರಿನಲ್ಲೇ ಕಟ್ಟಿಡುವುದಾದರೆ ಮಾತ್ರ ನಾನು ಬೇಡವೆನ್ನುತ್ತೇನೆ. ದೋಣಿಯ ಹಿಂಬದಿಗೆ ಹೊರಗೆ ಕೂರಿಸುವ ಔಟ್‌ಬೋರ್ಡ್ ಎಂಜಿನ್ನಿನಂತೆ ಪಂಪನ್ನು ಮೇಲಕ್ಕೆತ್ತಲಾಗದು. ಒಳಗೆ ಚಿಪ್ಪುಜೀವಿಗಳು ಅಂಟಿಕೊಂಡು ವೇಗ ಕುಸಿಯುತ್ತದೆ.