ಶುಲ್ಕದ ಪಟ್ಟಿ ಮತ್ತು ಪೆನ್ಸಿಲ್ ಅಂಕಿ

ಪ್ರಶ್ನೆ: ದಾವಣಗೆರೆಯಲ್ಲಿ ನಡೆದ ಶಿಕ್ಷಣ ಮೇಳದಲ್ಲಿ ಹೊರಜಿಲ್ಲೆಯ ಸಣ್ಣ ಖಾಸಗಿ ವಿಶ್ವವಿದ್ಯಾಲಯವೊಂದರವರು ಮಗನಿಗೆ ಕಂಪ್ಯೂಟರ್ ಸೈನ್ಸ್ ಸೀಟು ಕೊಡುವುದಾಗಿ ಹೇಳಿದರು. ವರ್ಷಕ್ಕೆ 2,40,000 ರೂಪಾಯಿ ಶುಲ್ಕ. ‘ಪ್ರತಿಭಾ ವಿದ್ಯಾರ್ಥಿವೇತನ’ ಎಂದು ಅದರಲ್ಲಿ 90,000 ಬಿಡುತ್ತಾರಂತೆ. ಮಗನ ಪಿಯುಸಿ ಅಂಕ ಶೇ 61. ಇಷ್ಟು ಶುಲ್ಕ ಇಟ್ಟಿದ್ದಾರೆಂದರೆ ಒಳ್ಳೆಯ ಸಂಸ್ಥೆಯೇ ಇರಬೇಕಲ್ಲವೇ? ಎರಡು ದಿನದಲ್ಲಿ ಮುಂಗಡ ಕಟ್ಟಬೇಕು. – ಒಬ್ಬ ತಂದೆ, ಜಗಳೂರು ತಾಲ್ಲೂಕು

ಉತ್ತರ: ಮಗನನ್ನು ಹೀಗಳೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆದರೆ ಶೇ 61ಕ್ಕೆ ಪ್ರತಿಭಾ ವಿದ್ಯಾರ್ಥಿವೇತನ ಎಂದಾಗಲೇ ನಿಮ್ಮ ಕಿವಿ ನೆಟ್ಟಗಾಗಬೇಕಿತ್ತು. ಚೌಕಿಪೇಟೆಯ ಬಟ್ಟೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ ಬೋರ್ಡು ಬೀಳುತ್ತದಲ್ಲ, ಆಗ ಸೀರೆಗೆ ಅಂಟಿಸಿದ ಚೀಟಿಯ ಬೆಲೆ ಕೊಟ್ಟು ಯಾರೂ ಕೊಳ್ಳುವುದಿಲ್ಲ ಎಂಬುದು ಅಂಗಡಿಯವರಿಗೂ ಗೊತ್ತು, ನಿಮ್ಮ ಮನೆಯವರಿಗೂ ಗೊತ್ತು. ನಿಮಗೆ ತೋರಿಸಿದ 2,40,000 ಕೂಡ ಅಂಥದೇ ಚೀಟಿ.

ನಾನು ಪ್ರವೇಶ ವಿಭಾಗದಲ್ಲಿ ಕುಳಿತು ಕೆಲಸ ಮಾಡಿದವನು. ಮುದ್ರಿತ ಶುಲ್ಕದ ಹಾಳೆಯ ಮೂಲೆಯಲ್ಲಿ ಗುಮಾಸ್ತರು ಪೆನ್ಸಿಲ್‌ನಲ್ಲಿ ನಿಜಕ್ಕೂ ಕಟ್ಟಬೇಕಾದ ಅಂಕಿ ಬರೆದು, ಹಾಳೆಯನ್ನು ಪೋಷಕರ ಕಡೆ ತಿರುಗಿಸುತ್ತಿದ್ದರು. ಜೂನ್‌ನಲ್ಲಿ ಒಂದು ಅಂಕಿ. ಆಗಸ್ಟ್‌ನಲ್ಲೂ ಸೀಟು ಉಳಿದಿದ್ದರೆ ಅದನ್ನು ಅಳಿಸಿ ಇನ್ನೂ ಕಡಿಮೆಯ ಇನ್ನೊಂದು. ಎರಡು ದಿನದ ಗಡುವು ಎಂಬುದು ಸಾಮಾನ್ಯವಾಗಿ ನಿಮ್ಮನ್ನು ಆಗಸ್ಟ್‌ವರೆಗೆ ಕಾಯಲು ಬಿಡದಿರುವ ಉಪಾಯ.

ಈಗ ಲೆಕ್ಕಕ್ಕೆ ಬನ್ನಿ. ಆ 90,000 ನಾಲ್ಕೂ ವರ್ಷಕ್ಕೋ, ಮೊದಲ ವರ್ಷಕ್ಕೆ ಮಾತ್ರವೋ? ನಾಲ್ಕೂ ವರ್ಷ ಎಂದಾದರೆ ಒಟ್ಟು 6 ಲಕ್ಷ. ಒಂದೇ ವರ್ಷ ಎಂದಾದರೆ 8,70,000. ಬ್ಯಾಂಕುಗಳು ಸಾಮಾನ್ಯವಾಗಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವುದಿಲ್ಲ. ಅದು ದಾಟಿದರೆ ಹೊಲದ ಪಹಣಿ ಹಿಡಿದು ಹೋಗಬೇಕಾಗುತ್ತದೆ. ‘ಇಂತಿಷ್ಟು ಅಂಕ ಉಳಿಸಿಕೊಂಡರೆ ಮಾತ್ರ ರಿಯಾಯಿತಿ ಮುಂದುವರಿಯುತ್ತದೆ’ ಎಂಬ ಸಾಲು ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಓದಿ. ಬಾಯಿಮಾತಿನ ರಿಯಾಯಿತಿಯನ್ನು ಲೆಕ್ಕಕ್ಕೇ ಹಿಡಿಯಬೇಡಿ.

‘ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾನ್ಯತೆ ಇದೆ’ ಎಂದು ಖಂಡಿತ ಹೇಳಿರುತ್ತಾರೆ. ಖಾಸಗಿ ವಿಶ್ವವಿದ್ಯಾಲಯ ಹುಟ್ಟುವುದೇ ವಿಧಾನಮಂಡಲದ ಕಾಯ್ದೆಯಿಂದ. ಯುಜಿಸಿ ಪಟ್ಟಿಯಲ್ಲಿ ಹೆಸರಿದ್ದರೆ ಪದವಿ ಕೊಡುವ ಅಧಿಕಾರವಿದೆ ಎಂದಷ್ಟೇ ಅರ್ಥ. ಪಾಠ ಹೇಗಿದೆ ಎಂಬುದಕ್ಕೆ ನ್ಯಾಕ್ ಎಂಬ ಮೌಲ್ಯಮಾಪನ ಮಂಡಳಿ ಏನು ಹೇಳಿದೆ ಎಂದು ನೋಡಬೇಕು, ಎಂಜಿನಿಯರಿಂಗ್ ಆದರೆ ನಿಮ್ಮ ಮಗ ಸೇರುವ ವಿಭಾಗಕ್ಕೇ ಎನ್‌ಬಿಎ (ತಾಂತ್ರಿಕ ಕೋರ್ಸುಗಳಿಗೆ ಕೊಡುವ ಗುಣಮಟ್ಟದ ಮಾನ್ಯತೆ) ಇದೆಯೇ ಎಂದು ಕೇಳಬೇಕು. ಅದಕ್ಕಿಂತ ಉಪಯುಕ್ತ ಕಾಗದ ಇನ್ನೊಂದಿದೆ. ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಶ್ರೇಯಾಂಕಕ್ಕೆ ಅರ್ಜಿ ಹಾಕುವ ಸಂಸ್ಥೆ ತಾನು ಸಲ್ಲಿಸಿದ ಮಾಹಿತಿಯನ್ನು ತನ್ನ ಜಾಲತಾಣದಲ್ಲೂ ಹಾಕಬೇಕು. ಮಂಜೂರಾದ ಸೀಟೆಷ್ಟು, ಓದುತ್ತಿರುವವರೆಷ್ಟು, ಸರಿಯಾದ ಅವಧಿಯಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಸಂಬಳದ ಮಧ್ಯಾಂಕವೂ ಇರುತ್ತದೆ: ಕೆಲಸ ಸಿಕ್ಕವರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳ. ಜಾಹೀರಾತಿನ ಫ್ಲೆಕ್ಸ್‌ನಲ್ಲಿ ನಗುವ ಹುಡುಗ ಆ ಸಾಲಿನ ತುದಿಯಲ್ಲಿ ನಿಂತವನು. ಇಂಥ ಮಾಹಿತಿ ಎಲ್ಲೂ ಸಿಗದಿದ್ದರೆ ಬಸ್ಸು ಹತ್ತಿ ಹೋಗಿ, ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಹುಡುಗರ ಪಕ್ಕ ಚಹಾ ಕುಡಿದು ಬನ್ನಿ.

ಇನ್ನೊಂದು ಮಾತು. ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯ ಮೂಲಕ ತುಂಬುವ ಸೀಟುಗಳಿರುತ್ತವೆ, ಅವುಗಳ ಶುಲ್ಕ ಬೇರೆ. ಮೇಳದ ಮೇಜಿನಲ್ಲಿ ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಪ್ರಶ್ನೆ: ಖಾಸಗಿ ವಿಶ್ವವಿದ್ಯಾಲಯವೊಂದರ ಆಡಳಿತ ಮಂಡಳಿಯಲ್ಲಿದ್ದೇನೆ. ಸೀಟುಗಳು ಖಾಲಿ ಉಳಿಯುತ್ತಿವೆ. ಶುಲ್ಕ ಇಳಿಸಿದರೆ ಮಕ್ಕಳು ಬರುತ್ತಾರೆ ಎಂದು ಕೆಲವರು, ಏರಿಸಿದರೆ ಗೌರವ ಬರುತ್ತದೆ ಎಂದು ಕೆಲವರು. ಯಾವುದು ಸರಿ? – ಓದುಗರು, ಚಿತ್ರದುರ್ಗ

ಉತ್ತರ: ಏರಿಸುವ ಪಕ್ಷದವರು ಎಲ್ಲಿಯದೋ ಅಮೆರಿಕದ ಕಥೆ ಕೇಳಿರಬೇಕು. ಕಥೆ ನಿಜ. ಪೆನ್ಸಿಲ್ವೇನಿಯಾದ ಅರ್ಸೈನಸ್ ಎಂಬ ಸಣ್ಣ ಕಾಲೇಜು 2000ದಲ್ಲಿ ಶುಲ್ಕವನ್ನು ಶೇ 17.6ರಷ್ಟು ಏರಿಸಿತು. ಅರ್ಜಿಗಳು ಹೆಚ್ಚಿದವು. ನಾಲ್ಕು ವರ್ಷದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಸಂಖ್ಯೆ ಶೇ 35ರಷ್ಟು ಬೆಳೆಯಿತು. ಅಗ್ಗದ್ದು ಕಳಪೆ ಇರಬೇಕು ಎಂದು ಅಲ್ಲಿನ ಪೋಷಕರು ಅಂದುಕೊಂಡಿದ್ದರು. ಆದರೆ ಕಥೆಯ ಉಳಿದರ್ಧವನ್ನು ನಿಮ್ಮವರು ನುಂಗಿದ್ದಾರೆ: ಆ ಕಾಲೇಜು ವಿದ್ಯಾರ್ಥಿಗಳಿಗೆ ಕೊಡುವ ನೆರವನ್ನೂ ಶೇ 20ರ ಆಸುಪಾಸಿನಲ್ಲಿ ಹೆಚ್ಚಿಸಿತ್ತು. ಈಗಂತೂ ಅಮೆರಿಕದ ಖಾಸಗಿ ಕಾಲೇಜುಗಳು ಹೊಸಬರಿಗೆ ಸರಾಸರಿ ಪಟ್ಟಿಯ ಶುಲ್ಕದ ಅರ್ಧಕ್ಕಿಂತ ಹೆಚ್ಚನ್ನು ಬಿಟ್ಟುಕೊಡುತ್ತವೆ. ಅಲ್ಲಿಯೂ ಪೆನ್ಸಿಲ್ ಇದೆ.

ನಮ್ಮಲ್ಲಿ ಆ ಮದ್ದು ಕೆಲಸ ಮಾಡುವುದು ಅನುಮಾನ, ಏಕೆಂದರೆ ಇಲ್ಲಿ ಸಂಸ್ಥೆಯ ತೂಕವನ್ನು ಜನ ಶುಲ್ಕದಿಂದ ಅಳೆಯುವುದಿಲ್ಲ, ಅಲ್ಲಿ ಸೀಟು ಸಿಕ್ಕ ಕೊನೆಯ ಸಿಇಟಿ ರ‍್ಯಾಂಕಿನಿಂದ ಅಳೆಯುತ್ತಾರೆ. ಚಳ್ಳಕೆರೆಯ ಶೇಂಗಾ ವ್ಯಾಪಾರಿಗೂ ಅದು ಬಾಯಿಪಾಠ. 1951ರಲ್ಲಿ ಶುರುವಾದ ದಾವಣಗೆರೆಯ ಬಿಡಿಟಿ ಎಂಜಿನಿಯರಿಂಗ್ ಕಾಲೇಜಿಗೆ ಹೆಸರು ಬಂದದ್ದು ಅಲ್ಲಿ ಓದಿ ಹೊರಬಿದ್ದವರಿಂದ.

ಇಳಿಸುವ ಪಕ್ಷದವರಿಗೆ ಒಂದು ಲೆಕ್ಕ ಕೊಡಿ. 60 ಸೀಟಿನ ವಿಭಾಗದಲ್ಲಿ 36 ಮಂದಿ, ತಲಾ 1,50,000 ಎಂದರೆ 54 ಲಕ್ಷ. ಶುಲ್ಕವನ್ನು 1,20,000ಕ್ಕೆ ಇಳಿಸಿದರೆ ಅದೇ 54 ಲಕ್ಷಕ್ಕೆ 45 ಮಂದಿ ಬೇಕು. ಆ ಒಂಬತ್ತು ಜನ ಎಲ್ಲಿಂದ ಬರುತ್ತಾರೆ? ಪಕ್ಕದ ಸಂಸ್ಥೆ ಮರುವಾರವೇ ತಾನೂ ಇಳಿಸುತ್ತದೆ. ಹೇಗಿದ್ದರೂ ಬರುತ್ತಿದ್ದ 36 ಮಂದಿಗೆ ತಲಾ 30,000 ದಾನ ಮಾಡಿದ ಹಾಗಾಗುತ್ತದೆ. ಇನ್ನು ಮಕ್ಕಳನ್ನು ಕರೆತರುವ ಏಜೆಂಟರ ದಲಾಲಿಯನ್ನೂ ಕಳೆದು ನೋಡಿ.

ನಿಜವಾದ ಕಾರಣ ಶುಲ್ಕದಲ್ಲಿ ಇರಲಿಕ್ಕಿಲ್ಲ. 2024–25ರಿಂದ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ, ಸೀಟುಗಳ ಸಂಖ್ಯೆಯ ಮೇಲಿನ ಮಿತಿ ತೆಗೆದ ಮೇಲೆ ದೊಡ್ಡ ಊರಿನ ಹೆಸರಾಂತ ಕಾಲೇಜುಗಳು ಕಂಪ್ಯೂಟರ್ ವಿಭಾಗಗಳನ್ನು ಹಿಗ್ಗಿಸಿಕೊಳ್ಳುವ ದಾರಿ ತೆರೆಯಿತು. ಮೊದಲು ನಿಮ್ಮಲ್ಲಿಗೆ ಬರುತ್ತಿದ್ದ ಹುಡುಗಿಗೆ ಈಗ ಬೆಂಗಳೂರಿನಲ್ಲೇ ಸೀಟು ಸಿಗಬಹುದು. ಹಾಗಾಗಿ ತುಂಬದ ಎರಡು ವಿಭಾಗ ಮುಚ್ಚಿ, ಉಳಿದವುಗಳ ಪ್ರಾಧ್ಯಾಪಕರು ವರ್ಷಕ್ಕೊಮ್ಮೆ ಊರು ಬಿಡದಷ್ಟು ಸಂಬಳ ಕೊಡಿ. ಸೇರುವ ದಿನದ ಶುಲ್ಕವೇ ನಾಲ್ಕು ವರ್ಷವೂ ಎಂದು ಪ್ರವೇಶ ಪತ್ರದಲ್ಲೇ ಮುದ್ರಿಸಿ. ನನ್ನ ಅನುಭವದಲ್ಲಿ ಪೋಷಕರು ಹೆದರುವುದು ದೊಡ್ಡ ಅಂಕಿಗಲ್ಲ, ಬದಲಾಗುವ ಅಂಕಿಗೆ. ಮಂಡಳಿಯಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಕಷ್ಟ ಎಂಬುದೂ ನನಗೆ ಗೊತ್ತು. ವಿಭಾಗ ಮುಚ್ಚುವ ಮಾತಿಗೆ ಸಂಸ್ಥಾಪಕರ ಮುಖ ಹೇಗಾಗುತ್ತದೆ ಎಂಬುದನ್ನು ಕಂಡಿದ್ದೇನೆ.

ಪ್ರಶ್ನೆ: ಶುಲ್ಕ ಕಟ್ಟಿದ ಮೇಲೆ ಬೇರೆ ಕಡೆ ಸೀಟು ಸಿಕ್ಕಿತು. ಹಣ ವಾಪಸ್ ಬರುತ್ತದೆಯೇ? – ವಿದ್ಯಾರ್ಥಿನಿ, ಹರಿಹರ

ಉತ್ತರ: ದಿನ ಎಣಿಸಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ (ಗರಿಷ್ಠ 5,000 ಸಂಸ್ಕರಣಾ ವೆಚ್ಚ ಕಳೆದು), ಆಮೇಲೆ ಕೊನೆಯ ದಿನದೊಳಗೆ ಶೇ 90, ಕೊನೆಯ ದಿನದ ನಂತರ 15 ದಿನದವರೆಗೆ ಶೇ 80, 30 ದಿನದವರೆಗೆ ಶೇ 50, ಅದಾದ ಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾಗಿದೆ: 2024–25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ಹಣ ಮರಳಿಸಲು ಹೇಳಿತ್ತು. ಅಂಕಪಟ್ಟಿಯ ಮೂಲ ಪ್ರತಿ ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ಇವತ್ತೇ ಇ–ಮೇಲ್‌ನಲ್ಲಿ ಪ್ರವೇಶ ರದ್ದತಿ ಪತ್ರ ಕಳುಹಿಸಿ. ಕೌಂಟರಿನಲ್ಲಿ ‘ಸೋಮವಾರ ಬಾಮ್ಮ’ ಎಂದು ಹೇಳಿಸಿಕೊಂಡು ಬಂದರೆ ತಾರೀಖು ದಾಟುವುದು ನಿಮ್ಮದೇ.